ಹಿಗ್ಗುವ ಜಾಗ

ಸನ್ನತಿ
8 ಜುಲೈ 2024

ಸುಶ್ಮಿ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಎಷ್ಟೋ ತಿಂಗಳಾದವು. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿಯನ್ನು ಮಾತ್ರ ಇನ್ನೂ ಯಾರೂ ಮಾಡಿಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ. ನನ್ನ ಮದುವೆಗೆ ನೀನು ತಂದ ಉಡುಗೊರೆಯ ಪೊಟ್ಟಣದ ಮೇಲೆ ಕೊಡ್ಲಿಯ ವಿಳಾಸ ಬರೆದಿದ್ದೆ. ಆ ಚೂರನ್ನು ಹರಿದು ಇಟ್ಟುಕೊಂಡಿದ್ದೆ, ಈಗ ಕೆಲಸಕ್ಕೆ ಬಂತು.

ಮೇ ಕೊನೆಗೆ ನನಗೆ ಮಗಳು ಹುಟ್ಟಿದಳು. ಯಾರಾದರೂ ಹೇಳಿರುತ್ತಾರೆ. ಹೇಳಿರದಿದ್ದರೆ ನಾನೇ ಮೊದಲು ಹೇಳಿದೆ ಎಂದಾಗಲಿ. ಬಾಣಂತನಕ್ಕೆ ಅವ್ವನ ಮನೆಯಲ್ಲಿದ್ದೇನೆ. ಜೈಭೀಮ ವಾಡಿಯಲ್ಲೇ ಇದ್ದಾನೆ, ರೈಲ್ವೆ ಸಿಗ್ನಲ್ಲಿನ ಕೆಲಸ ಬಿಟ್ಟು ಬರಲು ಆಗುವುದಿಲ್ಲ. ರಜೆ ಸಿಕ್ಕಾಗ ಬಂದು ಮಗಳ ಮುಂದೆ ಕೂಡುತ್ತಾನೆ. ಅವಳು ಆಕಳಿಸಿದರೂ "ಏ ಲುಂಬಿ, ಲಗೂ ಬಾ, ಇಲ್ನೋಡು" ಎಂದು ಕೂಗುತ್ತಾನೆ. ಅಪ್ಪನಾದ ಮೇಲೂ ಕಾಲೇಜಿನಲ್ಲಿದ್ದ ಹಾಗೇ ಇದ್ದಾನೆ.

ನನಗೆ ನಿದ್ದೆ ಇಲ್ಲ. ಕೂಸು ಮಲಗಿದಾಗಲೂ ಇಲ್ಲ. ಅವಳ ನೆತ್ತಿ ನೋಡುತ್ತ ಕೂಡುತ್ತೇನೆ. ಕೂದಲು ಶುರುವಾಗುವಲ್ಲಿಂದ ಸ್ವಲ್ಪ ಹಿಂದೆ, ಎಲುಬೇ ಇಲ್ಲದ ಒಂದು ಮೆತ್ತನೆಯ ಜಾಗ. ಅದು ಮಿಡಿಯುತ್ತದೆ. ಮಿಡಿದರೆ ಹೆದರಿಕೆ, ಇಷ್ಟು ತೆಳುವಾದದ್ದರ ಕೆಳಗೆ ಇಡೀ ಜೀವ ಇದೆಯಲ್ಲ ಎಂದು. ಕಣ್ಣು ಮಂಜಾಗಿ ಮಿಡಿತ ಕಾಣದಿದ್ದರೆ ಇನ್ನೂ ಹೆದರಿಕೆ. ಅವ್ವ ನನ್ನ ತಲೆಗೆ ಮೊಟಕುತ್ತಾಳೆ.

ಇದರ ನಡುವೆ ಒಂದು ಕೆಲಸ ಹಿಡಿದಿದ್ದೇನೆ. ನಮಗೆ ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಸಿದ ತಾರೀಕ್ ಭಾಯಿ ಈಗ ಶಹಾಬಾದಿನಲ್ಲಿ ಒಂದು ಫರಸಿ ಕಲ್ಲಿನ ಅಂಗಡಿಯ ಮಾಳಿಗೆಯ ಮೇಲೆ ಆ್ಯಪ್ ಮಾಡುವ ಆಫೀಸು ಇಟ್ಟಿದ್ದಾರೆ. ಹಳ್ಳಿಯ ಕೂಸುಗಳ ಲಸಿಕೆಯ ಲೆಕ್ಕ ಇಡುವ ಆ್ಯಪ್ ಒಂದು ಬಂದಿದೆ. ಅದರ ಗುಂಡಿ, ಚೌಕಟ್ಟುಗಳ ಚಿತ್ರ ನಾನು ಮನೆಯಲ್ಲೇ ಕೂತು ಮಾಡಿಕೊಡಬೇಕು. ಇದನ್ನು ನಿನಗೆ ಹೇಳಲೇಬೇಕು ಸುಶ್ಮಿ, ಕೇಳು.

ಹೆಬ್ಬೆರಳಿನ ಉಗುರಿನಷ್ಟು ಒಂದು ಗುಂಡಿಯ ಚಿತ್ರ ಬರೆಯುತ್ತೇವೆ. ಮೂಲೆಗಳು ದುಂಡಗೆ. ಅದರ ಮೇಲೆ "ಹೌದು" ಎಂದು ಬರೆದರೆ ಸರಿ. "ಮುಂದಿನ ಲಸಿಕೆ ಯಾವಾಗ" ಎಂದು ಬರೆಯಬೇಕಾದರೆ ಗುಂಡಿ ಉದ್ದವಾಗಬೇಕು. ಸುಮ್ಮನೆ ಹಿಡಿದು ಎಳೆದರೆ ಮೂಲೆಗಳು ತುಳಿದ ಚಪ್ಪಲಿಯ ಹಾಗೆ ಚಪ್ಪಟೆಯಾಗುತ್ತವೆ. ಅದಕ್ಕೆ ಚಿತ್ರದ ಸುತ್ತ ಒಂದೇ ಚುಕ್ಕೆಯಷ್ಟು ಅಗಲದ ಖಾಲಿ ಅಂಚು ಬಿಟ್ಟು, ಆ ಅಂಚಿನಲ್ಲಿ ಕಪ್ಪು ಗೆರೆ ಎಳೆಯಬೇಕು. ಮೇಲಿನ ಗೆರೆ "ಅಡ್ಡ ಹಿಗ್ಗುವುದಾದರೆ ಇಲ್ಲಿ ಮಾತ್ರ ಹಿಗ್ಗು" ಅನ್ನುತ್ತದೆ. ಎಡಗಡೆಯ ಗೆರೆ "ಕೆಳಕ್ಕೆ ಹಿಗ್ಗುವುದಾದರೆ ಇಲ್ಲಿ" ಅನ್ನುತ್ತದೆ. ಬಲಗಡೆಯದೂ ಕೆಳಗಿನದೂ ಅಕ್ಷರಗಳಿಗೆ ಹೇಳುವ ಮಾತು: "ನೀವು ಇಷ್ಟರೊಳಗೆ ಕೂಡಬೇಕು." ಇಷ್ಟೇ. ಆಮೇಲೆ ಎಷ್ಟು ಎಳೆದರೂ ಮೂಲೆ ಮೂಲೆಯಾಗಿಯೇ ಉಳಿಯುತ್ತದೆ, ನಡುವಿನದು ಮಾತ್ರ ಬೆಳೆಯುತ್ತದೆ. ಆ್ಯಪ್ ತಯಾರಾದ ಮೇಲೆ ಆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಗುಂಡಿ ಅದರ ಮಾತು ಮೀರುವುದಿಲ್ಲ.

ಮೊದಲ ಸಲ ನಾನು ಗಿಂಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಕುಂಚ ಹಿಡಿದು ಗೆರೆ ಎಳೆದೆ. ಕುಂಚದ ಗೆರೆಗೆ ಅಕ್ಕಪಕ್ಕ ಬೂದು ಚುಕ್ಕೆಗಳು ಬರುತ್ತವೆ, ಕಣ್ಣಿಗೆ ಕಾಣವು. ಗೆರೆ ಅಚ್ಚಕಪ್ಪು ಇರದಿದ್ದರೆ ಆ್ಯಪ್ ಒಪ್ಪುವುದಿಲ್ಲ. ತಾರೀಕ್ ಭಾಯಿ ಫೋನು ಮಾಡಿ, "ಮೇಡಂ, ನಿಮ್ ಗೆರಿಗಿ ಮೀಸಿ ಬಂದಾವ. ಬೋಳಿಸಿ ಕಳಸ್ರಿ" ಅಂದರು. ಅದರಲ್ಲೇ ಇರುವ ಪೆನ್ಸಿಲ್ ಹಿಡಿದು ಮತ್ತೆ ಎಳೆದೆ. ಸಣ್ಣ ಗುಂಡಿಯನ್ನು ಹಿಡಿದು ಎಳೆದಾಗ ಮೂಲೆ ಹಾಗೇ ನಿಂತು ನಡು ಹರಿದುಕೊಂಡು ಹೋಯಿತು ನೋಡು, ಭೀಮಾ ನದಿ ದಂಡೆ ಬಿಡದೆ ತುಂಬಿದ ಹಾಗೆ, ನಾನು ಬಾಯಿ ತೆರೆದು ಕೂತೆ.

ಅವತ್ತೇ ಅವ್ವ ಕೂಸಿನ ನೆತ್ತಿಗೆ ಎಣ್ಣೆ ಹಾಕುತ್ತಿದ್ದಳು. "ಅವ್ವಾ, ಇಲ್ಲಿ ಯಾಕ ಹಿಂಗ ಖಾಲಿ ಬಿಟ್ಟಾರ?" ಅಂದೆ.

"ತಲಿ ಬೆಳಿಬ್ಯಾಡೇನು? ಮೊದಲೇ ಮುಚ್ಚಿಬಿಟ್ರ ಬುದ್ಧಿ ಎಲ್ಲಿ ಕುಂದರಬೇಕು? ಹಿಗ್ಗಲಾಕ ಜಾಗ ಬಿಟ್ಟಾರ."

"ಯಾರು ಬಿಟ್ಟಾರ?"

"ಯಾರು ಬಿಟ್ಟಾರೋ! ನನಗೇನು ಹೇಳಿ ಬಿಟ್ಟಾರೇನು? ನೀ ಎಣ್ಣಿ ಬಟ್ಲಾ ಕೊಡು ಇತ್ಲಾಗ."

ಬಟ್ಟಲು ಕೈಯಲ್ಲೇ ಹಿಡಿದು ನಿಂತೆ. ಹಿಗ್ಗುವ ಜಾಗ. ನಾನು ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ಕಲಿತದ್ದನ್ನು ಯಾರೋ ನನ್ನ ಹೊಟ್ಟೆಯೊಳಗೆ, ನನಗೂ ಹೇಳದೆ, ಮಾಡಿ ಮುಗಿಸಿದ್ದರು.

ಈ ಬೆರಗು ಹೇಳಿಕೊಳ್ಳಲು ನಿನ್ನ ಬಿಟ್ಟು ಯಾರೂ ನೆನಪಾಗಲಿಲ್ಲ. ಮಾತು ಯಾಕೆ ಬಿಟ್ಟೆ ಎಂದು ಕೇಳುವುದಿಲ್ಲ. ಮತ್ತೆ ಮಾತಾಡು ಎಂದಷ್ಟೇ ಕೇಳುತ್ತೇನೆ.

ನಿನ್ನ
ಲುಂಬಿನಿ

*

ಕೊಡ್ಲಿ
25 ಜುಲೈ 2024

ಲುಂಬಿನಿ,

ಪತ್ರ ತಲುಪಿತು. ಕೂಸು ಆರೋಗ್ಯವಾಗಿರಲಿ. ನಿನ್ನ ಅವ್ವನಿಗೆ, ಪೀರಮ್ಮ ಅತ್ತಿಗೆ, ನಮಸ್ಕಾರ ಹೇಳು.

ನಾನು ಈಗ ಒಂದು ಸಂಸ್ಥೆಯ ಕೆಲಸಕ್ಕೆ ಸೇರಿದ್ದೇನೆ. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ ಕೂಸುಗಳ ವಿವರ ಬರೆದುಕೊಳ್ಳುವುದು. ಮುಂದೆ ಟ್ಯಾಬ್ ಕೊಡುತ್ತಾರಂತೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ದಯವಿಟ್ಟು ನನಗೆ ಬರೆಯಬೇಡ. ಕೋಪದಿಂದ ಹೇಳುತ್ತಿಲ್ಲ.

ಇತಿ,
ಸುಶ್ಮಿತಾ

ನೆತ್ತಿಯನ್ನೇ ನೋಡುತ್ತ ಕೂಡಬೇಡ. ಮಿಡಿಯುವುದೇ ಅದರ ಕೆಲಸ. ಕೂಸು ಮಲಗಿದಾಗ ನೀನೂ ಮಲಗು.

*

ಸನ್ನತಿ
17 ಆಗಸ್ಟ್ 2024

ಸುಶ್ಮಿ,

ಬರೆಯಬೇಡ ಅಂದೆ. ಆದರೆ ಸಹಿ ಮಾಡಿದ ಮೇಲೆ ಮೂರು ಮಾತು ಬರೆದಿದ್ದೀಯಲ್ಲ, ನಾನು ಉತ್ತರ ಕೊಡುತ್ತಿರುವುದು ಅವಕ್ಕೆ. ಸಹಿಯ ಮೇಲಿನದಕ್ಕೆ ಅಲ್ಲ.

ಮಲಗಲು ನೋಡಿದೆ. ಮಧ್ಯಾಹ್ನ ಅವ್ವ ಕೂಸನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು, ನಾನು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ. ಕಟ್ಟೆಯಿಂದ ಅಳು ಬಂದರೆ ಎದ್ದು ಓಡುವುದು, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಎದ್ದು ಓಡುವುದು. "ನಿನಗ ನಿದ್ದಿ ಬರಲಿಕ್ಕರ ಬ್ಯಾಡ, ನನ್ನ ಮ್ಯಾಲ ನಂಬಿಕಿಯರ ಇರಲಿ. ನಿನ್ನ ನಾನೇ ಬೆಳಸೀನಿ" ಎಂದು ಅವ್ವ ಬೈದಳು. ಹೌದಲ್ಲ, ನನ್ನ ನೆತ್ತಿಯೂ ಒಮ್ಮೆ ತೆರೆದಿತ್ತು. ಅವಳೂ ಹೀಗೇ ನೋಡುತ್ತ ಕೂತಿದ್ದಳೇನೋ. ಕೇಳಿದರೆ ಹೇಳುವವಳಲ್ಲ.

ಒಂದು ಸುದ್ದಿ ಕೇಳು. ನಾನು ಚಿತ್ರ ಮಾಡುತ್ತಿರುವ ಆ್ಯಪ್ ಚಿಂಚೋಳಿಯ ಹಳ್ಳಿಗಳಿಗೇ ಮೊದಲು ಹೋಗುವುದಂತೆ. ಮನೆ ಮನೆ ತಿರುಗುವವರಿಗೆ ಟ್ಯಾಬ್ ಕೊಡುತ್ತಾರೆ ಎಂದು ತಾರೀಕ್ ಭಾಯಿ ಅಂದಾಗ, ಇದು ನಿನ್ನ ಸಂಸ್ಥೆಯೇ ಎಂದು ಹೊಳೆದು ಕುರ್ಚಿಯಿಂದ ಬಿದ್ದೇನು ಅನ್ನಿಸಿತು. ನೀನು ನನ್ನನ್ನು ಫೋನಿನಿಂದ ಹೊರಗೆ ಹಾಕಿದೆ, ನಾನು ಟ್ಯಾಬಿನ ಒಳಗೆ ಬಂದು ಕೂಡುತ್ತೇನೆ!

ಕೂಸಿನ ವಿವರ ಬರೆಯುವ ಹಾಳೆಯಲ್ಲಿ ಎರಡು ಗುಂಡಿ ಇರುತ್ತವೆ, ಗಂಡು ಮತ್ತು ಹೆಣ್ಣು. ಎರಡಕ್ಕೂ ಒಂದೇ ಸಣ್ಣ ಚಿತ್ರ. ಅಳತೆಗೆಂದು ತಾರೀಕ್ ಭಾಯಿ ಇಂಗ್ಲಿಷ್ ಶಬ್ದ ಹಾಕಿ ಕಳಿಸಿದ್ದರು, ಅದನ್ನೇ ಇಟ್ಟುಕೊಂಡು ಗೆರೆ ಎಳೆದೆ. ಮೂಲೆಗಳ ಮೇಲೆ ಭಾಳ ಹೊತ್ತು ಕೂತೆ, ಯಾವ ತಾಯಿಯ ಬೆರಳಿಗೂ ಚುಚ್ಚುವ ಹಾಗೆ ಕಾಣಬಾರದು ಎಂದು. ನೀನು ಒತ್ತಿದಾಗ ಮೂಲೆ ನೋಡು. ನನ್ನ ಕೈ ಅಲ್ಲಿದೆ.

ನಿನ್ನ
ಲುಂಬಿನಿ

*

ಕೊಡ್ಲಿ
20 ಸೆಪ್ಟೆಂಬರ್ 2024

ಲುಂಬಿನಿ,

ಟ್ಯಾಬ್ ಬಂತು. ಐನಾಪುರದ ಒಂದು ಮನೆಗೆ ಹೋಗಿದ್ದೆ. ಹೊಸ ಕೂಸು. ಕೂಸಿನ ಅಜ್ಜ ಚಂದ್ರಾಮಪ್ಪ ಎಂಬವರು ಕನ್ನಡಕ ಏರಿಸಿಕೊಂಡು ನನ್ನ ಪಕ್ಕ ಕೂತರು. ಪರದೆಯ ಮೇಲಿನದೆಲ್ಲ ಜೋರಾಗಿ ಓದಬೇಕು ಅವರಿಗೆ.

"ತಾಯಿ ಹೆಸರು... ಹಾಂ. ಊರು... ಹಾಂ. ಕೂಸು..."

ಅಲ್ಲಿಗೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನವಾ ಇದು? ಒಂದ ಕಡಿ ಗಂಡು ಅಂತ ಬರದೀರಿ. ಬಾಜೂಕ ಹೆಣ ಅಂತ ಬರದೀರಿ?"

ನೋಡಿದೆ. "ಗಂಡು" ಪೂರ್ತಿ ಇತ್ತು. "ಹೆಣ್ಣು" ಇರಲಿಲ್ಲ. ಕೆಳಗಿನ ಒತ್ತಕ್ಷರ ಗುಂಡಿಯ ಅಂಚಿಗೆ ಸಿಕ್ಕು ಕತ್ತರಿಸಿಹೋಗಿತ್ತು. ಉಳಿದದ್ದು "ಹೆಣು". ಹಾಗೊಂದು ಶಬ್ದ ಇಲ್ಲ, ಆದ್ದರಿಂದ ಕಣ್ಣು ತಾನೇ ಇನ್ನೊಂದನ್ನು ಓದಿಬಿಡುತ್ತದೆ. ತಾಯಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ನನ್ನ ಮುಖ ನೋಡುತ್ತಿದ್ದಳು.

"ಅಕ್ಷರ ಕಟ್ ಆಗ್ಯಾವರಿ ಅಜ್ಜಾ, ಮಶೀನಿಂದು" ಅಂದೆ.

"ಮಶೀನಿಗಿ ಹೇಳ್ರಿ, ಮನ್ಯಾಗ ಕೂಸ ಅದ ಅಂತ" ಅಂದರು.

ಆ ಗುಂಡಿ ನಾನು ಒತ್ತಲಿಲ್ಲ. ಅಲ್ಲಿಯೂ ಇಲ್ಲ, ಆಮೇಲೆ ಹೋದ ಮನೆಗಳಲ್ಲಿಯೂ ಇಲ್ಲ. ಹೆಣ್ಣು ಕೂಸುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಬಂದೆ. ಮೇಲಿನವರು ಕೇಳಿದರೆ ಚಾರ್ಜ್ ಹೋಗಿತ್ತು ಅನ್ನುತ್ತೇನೆ.

ಹೋದ ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ "ಹೆಣ್ಣು" ಎಂದು ಸರಿಯಾಗಿಯೇ ಬರೆದಿದ್ದರು. ಅಲ್ಲಿ ಒತ್ತು ಇತ್ತು. ಕೂಸು ಇರಲಿಲ್ಲ.

ಮೂಲೆಗಳು ಚೆನ್ನಾಗಿವೆ.

ಸುಶ್ಮಿತಾ

*

ಸನ್ನತಿ
27 ಸೆಪ್ಟೆಂಬರ್ 2024

ಸುಶ್ಮಿ,

ನಿನ್ನ ಪತ್ರ ಓದಿ ಕೂಸನ್ನು ಅವ್ವನ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಅವ್ವ ಏನಾಯಿತು ಅಂದಳು. ಆಮೇಲೆ ಹೇಳುತ್ತೇನೆ ಅಂದೆ.

ತಪ್ಪು ನನ್ನದೇ, ಮಶೀನಿನದಲ್ಲ. ಎಲ್ಲಿ ತಪ್ಪಿತೆಂದು ಹೇಳುತ್ತೇನೆ, ಬೇರೆ ಯಾವ ಮಾತಿಗೂ ನನಗೆ ಮುಖವಿಲ್ಲ. ಬಲಗಡೆಯ ಗೆರೆ ಇದೆಯಲ್ಲ, ಅಕ್ಷರ ಮೇಲೆ ಎಲ್ಲಿಂದ ಕೆಳಗೆ ಎಲ್ಲಿಯವರೆಗೆ ಕೂಡಬಹುದೆಂದು ಹೇಳುವುದು, ಅದನ್ನು ನಾನು ಇಂಗ್ಲಿಷ್ ಶಬ್ದದ ಅಳತೆಗೆ ಎಳೆದು ನಿಲ್ಲಿಸಿದ್ದೆ. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಸಾಲಾಗಿ ನಿಂತುಕೊಳ್ಳುತ್ತವೆ, ಒಂದರ ಕೆಳಗೆ ಇನ್ನೊಂದು ಬಂದು ಕೂಡುವುದಿಲ್ಲ. ಜೊತೆಗೆ ಗುಂಡಿಯ ಎತ್ತರವನ್ನು ತಾರೀಕ್ ಭಾಯಿ ಆ್ಯಪಿನಲ್ಲಿ ಕಟ್ಟಿಹಾಕಿದ್ದರು. ಒಂದು ಕಡೆ ಕಟ್ಟು, ಇನ್ನೊಂದು ಕಡೆ ಗೆರೆ. ನಡುವೆ ಸಿಕ್ಕ ಒತ್ತು ಎಲ್ಲಿಗೆ ಹೋಗಬೇಕು?

"ಹೆಣ್ಣು" ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ಮುಂದಿಟ್ಟುಕೊಂಡೆ. ಒಂದನೇ ಇಯತ್ತೆಯಿಂದ ಬರೆಯುತ್ತ ಬಂದ ಶಬ್ದ. ಅದರೊಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಒಂದು ದೊಡ್ಡ ಣ. ಅದರ ಕೆಳಗೆ, ಅದಕ್ಕೇ ಆತುಕೊಂಡು, ಅದೇ ಮುಖದ ಒಂದು ಸಣ್ಣ ಣ. ಸುಶ್ಮಿ, ತಾಯಿ ಮತ್ತು ಮಗಳು. ಹೆಣ್ಣು ಎಂಬ ಅಕ್ಷರದಲ್ಲೇ ಇಬ್ಬರು ಇದ್ದಾರೆ. ಸಣ್ಣದನ್ನು ತೆಗೆದರೆ ಏನು ಉಳಿಯುತ್ತದೆಂದು ನೀನು ಐನಾಪುರದಲ್ಲಿ ನೋಡಿದೆ.

ಇದನ್ನು ನಿನಗೆ ಬರೆಯಬಾರದಿತ್ತೇನೋ. ಬರೆದುಬಿಟ್ಟೆ. ಹೊಡೆದುಹಾಕುವುದಿಲ್ಲ. ಹೋದ ವರ್ಷ ನಿನ್ನ ಪಕ್ಕ ಕೂತು ಏನೂ ಹೇಳಲಾರದೆ ಎದ್ದು ಬಂದವಳು ನಾನು. ಆಗ ಇಂಥ ಒಂದು ಮಾತು ನನ್ನ ಹತ್ತಿರ ಇರಲಿಲ್ಲ.

ತಾರೀಕ್ ಭಾಯಿಗೆ ಹೇಳಿದೆ. ಅವರು ತಲೆಗೆ ಕೈ ಹಚ್ಚಿದರು. ಆದರೆ ಹೈದರಾಬಾದಿನಲ್ಲಿ ಕೂತು ಇದಕ್ಕೆ ಹಣ ಕೊಡುವವರು ಬೇರೆ ಮಾತು ಹೇಳುತ್ತಿದ್ದಾರಂತೆ. ಕನ್ನಡ ಭಾಳ ಜಾಗ ತಿನ್ನುತ್ತದೆ, ಗುಂಡಿಗಳ ಮೇಲೆ ಇಂಗ್ಲಿಷನ್ನೇ ಹಾಕಿಬಿಡಿ ಎಂದು. "ನನಗೊಂದು ತಾರೀಕು ಕೊಡ್ರಿ ಮೇಡಂ, ಅಲ್ಲೀತನ ಅವರ್ನ ಹಿಡಿದು ಕುಂದರಸ್ತೀನಿ. ನನ್ನ ಹೆಸರೇ ತಾರೀಕ, ತಪ್ಪಬಾರದು" ಅಂದರು. ನವೆಂಬರ್ ಮೊದಲ ವಾರ ಎಂದು ಹೇಳಿದ್ದೇನೆ.

ಎಲ್ಲ ಗುಂಡಿಗಳನ್ನೂ ಮೊದಲಿನಿಂದ ಮಾಡುತ್ತೇನೆ. ನನಗೆ ಶಬ್ದಗಳು ಬೇಕು ಸುಶ್ಮಿ, ನೀನು ಹಳ್ಳಿಯಲ್ಲಿ ದಿನಾ ಬರೆಯುವಂಥವು. ಕೆಳಗೆ ಭಾರ ಇರುವಂಥವು.

ಲುಂಬಿನಿ

*

ಕೊಡ್ಲಿ
14 ಅಕ್ಟೋಬರ್ 2024

ಲುಂಬಿ,

ಶಬ್ದ ಕೇಳಿದೆಯಲ್ಲ, ತಗೋ. ಹುಟ್ಟಿದ್ದು, ಕೊಟ್ಟಿಲ್ಲ, ಹತ್ತಿರ, ಕೆಮ್ಮು, ನೆತ್ತಿ, ಹಾಲುಣ್ಣುತ್ತದೆ, ರಾಷ್ಟ್ರೀಯ. ಇವೆಲ್ಲ ಇರಲಿ, ಕೊಡ್ಲಿ ಓಣಿಯಲ್ಲಿ ಒಬ್ಬ ಲಕ್ಷ್ಮಮ್ಮ ಇದ್ದಾಳೆ, ಅವಳೊಬ್ಬಳು ಸಾಕು. ಕ್ಷ ಕೆಳಗೆ ಮ, ಮ ಕೆಳಗೆ ಮ. ಅವಳನ್ನು ನಿನ್ನ ಗುಂಡಿ ಹೊತ್ತರೆ ಇಡೀ ತಾಲೂಕನ್ನೇ ಹೊರುತ್ತದೆ. ಅವಳೂ ಹಾಗೇ ಇದ್ದಾಳೆ, ಟಂಟಂ ಆಟೊದಲ್ಲಿ ಇಬ್ಬರ ಜಾಗ ಬೇಕು.

ಹೀಗೆ ಬರೆಯುತ್ತ ನನಗೇ ನಗು ಬಂತು. ನಕ್ಕ ಮೇಲೆ ಹೆದರಿದೆ, ಯಾಕೆಂದರೆ ಇದು ನಮ್ಮ ಹಳೆಯ ಮಾತು.

ನೀನು ಯಾಕೆ ಎಂದು ಕೇಳುವುದಿಲ್ಲ ಅಂದಿದ್ದೆ. ಕೇಳದಿದ್ದರೂ ಹೇಳುತ್ತೇನೆ. ಹೋದ ವರ್ಷ ನೀನು ಬಸಿರು ಎಂದು ಫೋನು ಮಾಡಿದೆಯಲ್ಲ, ಅವತ್ತು ಮನೆಯಲ್ಲಿ ನೆಂಟರಿದ್ದರು. ನನ್ನ ಮುಖದ ಖುಷಿ ನೋಡಿ ಒಬ್ಬ ದೊಡ್ಡಾಕೆ, "ನೀ ಆಕಿ ಮನಿ ಕಡಿ ಹೋಗಬ್ಯಾಡ ತಂಗಿ, ಬಸುರಿ ಹೆಂಗಸಿಗಿ ನಿನ್ನ ನೆರಳು ಆಗಬಾರದು. ಫೋನ್‌ನ್ಯಾಗೂ ಬ್ಯಾಡ" ಅಂದಳು. ಕೆಟ್ಟದಾಗಿ ಅಲ್ಲ, ತಲೆ ಸವರಿ ಹೇಳಿದಳು.

ನಾನು ಅದನ್ನು ನಂಬುವುದಿಲ್ಲ. ಆದರೆ ನಿನಗೆ ಏನಾದರೂ ಆಗಿದ್ದರೆ ನಂಬಬೇಕಾಗುತ್ತಿತ್ತು. ಅದನ್ನು ತಾಳುವ ಶಕ್ತಿ ನನಗೆ ಇರಲಿಲ್ಲ. ಅದಕ್ಕೇ ನಿನ್ನ ನಂಬರು ಮುಚ್ಚಿದೆ. ನಿನ್ನ ಮೇಲಿನ ಸಿಟ್ಟಿಗೆ ಅಲ್ಲ, ನಿನಗೆ ನಾನು ತಾಕಬಾರದೆಂದು. ನಿನಗೆ ಹೆರಿಗೆಯಾಯಿತೆಂದು ವಾಡಿಯ ಬಸ್ಸಿನಲ್ಲಿ ಬಂದವರಿಂದ ತಿಳಿದ ದಿನ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗೊತ್ತಿಲ್ಲದ ಹುಡುಗಿಗೆ ಪೇಢೆ ಕೊಡಿಸಿದೆ. ಆಮೇಲಾದರೂ ನಂಬರು ತೆರೆಯಬಹುದಿತ್ತು. ಆಗ ನೆತ್ತಿ ತೆರೆದ ಕೂಸು ಇತ್ತಲ್ಲ, ಅದಕ್ಕೂ ನಾನು ತಾಕಬಾರದೆಂದು ಬಿಟ್ಟೆ.

ತಾಯಿ ಮಗಳ ಅಕ್ಷರದ ವಿಷಯ ಬರೆದೆಯಲ್ಲ. ಬರೆಯಬಾರದಿತ್ತು ಎಂದು ಅಂದುಕೊಳ್ಳಬೇಡ. ನನಗೆ ಆಗ ಎಲ್ಲರೂ "ಮರೆತುಬಿಡು" ಅಂದರು. ಅವಳು ಎಲ್ಲಿ ಇದ್ದಳು ಎಂದು ಯಾರೂ ತೋರಿಸಿರಲಿಲ್ಲ.

ಗುಂಡಿ ಬೇಗ ಮಾಡು. ಕಾಗದದ ಮೇಲೆ ಹೆಣ್ಣುಮಕ್ಕಳು ಕಾಯುತ್ತಿದ್ದಾರೆ.

ಸುಶ್ಮಿ

*

ವಾಡಿ
10 ನವೆಂಬರ್ 2024

ಸುಶ್ಮಿ,

ಕೂಸನ್ನು ಕರೆದುಕೊಂಡು ವಾಡಿಗೆ ಬಂದುಬಿಟ್ಟೆ. ಅವ್ವನೂ ಜೊತೆಗೆ ಬಂದಿದ್ದಾಳೆ. ಮನೆಗೆ ಬರುವ ಮೊದಲು ಶಹಾಬಾದಿಗೆ ಹೋಗಿದ್ದೆವು. ಅಲ್ಲಿ ಆದದ್ದನ್ನು ಹೇಳದೆ ನನಗೆ ಊಟ ಸೇರುವುದಿಲ್ಲ.

ಫರಸಿ ಅಂಗಡಿಯ ಮೆಟ್ಟಿಲು ಹತ್ತಿ ಹೋದೆವು. ಅವ್ವ ಕೂಸನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತಳು. ನಾನು ಹೊಸ ಚಿತ್ರ ಕೊಟ್ಟೆ. ಬಲಗಡೆಯ ಗೆರೆಯನ್ನು ಕೆಳಗಿನವರೆಗೂ ಇಳಿಸಿದ್ದೆ, ಎಡಗಡೆಯದನ್ನು ನಡುವಿಗೆ ತಂದಿದ್ದೆ, ಕೆಳಕ್ಕೂ ಹಿಗ್ಗಲೆಂದು. "ಎತ್ತರದ ಕಟ್ಟು ಬಿಚ್ರಿ ತಾರೀಕ್ ಭಾಯಿ" ಅಂದೆ.

"ಬಿಚ್ಚಿದ್ರ ಹಾಳಿ ಪೂರಾ ಕೆಳಗ ಸರಿತದ ಮೇಡಂ."

"ಸರೀಲಿ. ಹಾಳಿ ಸರದ್ರ ಯಾರೂ ಸಾಯಂಗಿಲ್ಲ."

ಅವರು ನನ್ನ ಮುಖ ನೋಡಿ ಕಟ್ಟು ಬಿಚ್ಚಿದರು. ಮೊದಲು ಲಕ್ಷ್ಮಮ್ಮನನ್ನು ಬರೆದೆ. ನೋಡು ಸುಶ್ಮಿ, ಗುಂಡಿ ಅವಳಿಗಾಗಿ ಸರಿದು ಕೂತಿತು. ಮೂಲೆಗಳು ಕದಲಲಿಲ್ಲ. ನಡುವೆ ಮಾತ್ರ, ಯಾರೋ ಹೊಟ್ಟೆ ತುಂಬ ಉಸಿರು ತೆಗೆದುಕೊಂಡ ಹಾಗೆ, ಅಗಲಕ್ಕೂ ಕೆಳಕ್ಕೂ ಹಿಗ್ಗಿತು. ಕ್ಷ ಕೆಳಗಿನ ಮ ಬಂತು, ಮ ಕೆಳಗಿನ ಮ ಬಂತು, ಒಂದು ಕೊಂಕೂ ಮುಕ್ಕಾಗಲಿಲ್ಲ. ಆಮೇಲೆ ರಾಷ್ಟ್ರೀಯ. ಆಮೇಲೆ ನೆತ್ತಿ. ಕೊನೆಗೆ, ಹೆಣ್ಣು.

ಇಬ್ಬರೂ ಇದ್ದರು.

ತಾರೀಕ್ ಭಾಯಿ "ಸುಭಾನಲ್ಲಾ" ಅಂದರು. ಅವ್ವನಿಗೆ ಓದು ಅಷ್ಟಕ್ಕಷ್ಟೇ, ಆದರೆ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು ನೋಡಿದಳು. "ಅಲ್ಲಬೇ, ಇಷ್ಟು ಸಣ್ಣ ಚಿತ್ರ ಇಷ್ಟು ದೊಡ್ಡದಾತು, ಎಲ್ಲೂ ಹರೀಲಿಲ್ಲಲ್ಲ!" ಎಂದಳು. ನಾಲ್ಕು ತಿಂಗಳಿಂದ ನಾನು ಹಿಂದೆ ಮುಂದೆ ಸುತ್ತಿ ಹೇಳಲು ನೋಡುತ್ತಿರುವುದು ಇಷ್ಟೇ. ಗುಂಡಿಗೂ ಇದೇ ಮಾತು, ನನ್ನ ಹೊಟ್ಟೆಗೂ ಇದೇ ಮಾತು, ಕೂಸಿನ ತಲೆಗೂ ಇದೇ ಮಾತು. ನಮ್ಮ ಭಾಷೆಯಲ್ಲಿ ದೊಡ್ಡದಾಗುವುದಕ್ಕೂ ಖುಷಿಪಡುವುದಕ್ಕೂ ಹಿಗ್ಗು ಎಂಬ ಒಂದೇ ಶಬ್ದ ಯಾಕಿದೆ ಎಂದು ಅವತ್ತು ಆ ಕೋಣೆಯಲ್ಲಿ ನನಗೆ ತಿಳಿಯಿತು. ಹೈದರಾಬಾದಿನವರೂ ಒಪ್ಪಿದ್ದಾರೆ. ಕನ್ನಡ ಉಳಿಯಿತು.

ಈಗ ನನ್ನ ಬೇಡಿಕೆ. ಡಿಸೆಂಬರ್ ಒಂದು, ಭಾನುವಾರ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಲು ಅತ್ತೆ ಬೇಕು. ಅದು ನೀನು. ಹೆಸರನ್ನೂ ನೀನೇ ತರಬೇಕು.

ಅವ್ವನಿಗೆ ಹೇಳಿದೆ. ಅವಳು ಮೊರದಲ್ಲಿದ್ದ ಜೋಳ ಹಸನು ಮಾಡಿ ಮುಗಿಸಿದಳು. ಆಮೇಲೆ, "ಅತ್ತಿ ಅಂದ್ರ ಅಪ್ಪನ ಕಡೀದಾಕಿ ಇರಬೇಕು" ಅಂದಳು. ಅವಳು ಹೇಳದೆ ಬಿಟ್ಟದ್ದು ಬೇರೆ ಇತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ನಿನಗೂ ಗೊತ್ತು. ಡ್ಯೂಟಿ ಮುಗಿಸಿ ಬಂದ ಜೈಭೀಮ ಬೂಟು ಬಿಚ್ಚುತ್ತ ಬಾಗಿಲಲ್ಲೇ ಕೇಳಿಸಿಕೊಂಡ. "ನನಗ ತಂಗಿ ಇಲ್ಲ ಅಂದವ್ರು ಯಾರು? ಕಾಲೇಜಿನ್ಯಾಗ ರಾಖಿ ಕಟ್ಟಿ ವರ್ಷಾ ನನ್ನ ಕಿಸೆ ಖಾಲಿ ಮಾಡಿದಾಕಿ ಯಾರು ಮತ್ತ?" ಅಂದ. ಅವ್ವ ಮೊರ ಕೊಡವಿ ಒಳಗೆ ಹೋದಳು.

ನೆತ್ತಿ ಇನ್ನೂ ತೆರೆದಿದೆ, ಸುಶ್ಮಿ. ತೆರೆದಿರುವಾಗಲೇ ಬಾ.

ಲುಂಬಿ

*

ವಾಡಿ
24 ನವೆಂಬರ್ 2024

ಸುಶ್ಮಿ,

ನಿನ್ನ ಉತ್ತರ ಬಂದಿಲ್ಲ. ಅಂಚೆಯವನನ್ನು ಬೀದಿಯ ತುದಿಯಲ್ಲೇ ಹಿಡಿದು ಕೇಳುತ್ತೇನೆ, ಅವನು ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ.

ತೊಟ್ಟಿಲು ಕಟ್ಟಿದ್ದೇವೆ. ಹೆಸರು ಯಾರಿಗೂ ಹೇಳಿಲ್ಲ, ಯಾಕೆಂದರೆ ನನಗೂ ಗೊತ್ತಿಲ್ಲ.

ಲುಂಬಿ

*

ಕೊಡ್ಲಿ
5 ಡಿಸೆಂಬರ್ 2024

ಲುಂಬಿ,

ಬೆನ್ನು ಇನ್ನೂ ನೋಯುತ್ತಿದೆ. ಕಿವಿಯಲ್ಲಿ ಹೆಸರು ಹೇಳುವ ಅತ್ತೆಗೆ ಗುದ್ದುವುದು ಪದ್ಧತಿ ಎಂದು ಗೊತ್ತಿತ್ತು, ಇಷ್ಟು ಮನಸ್ಸಿಟ್ಟು ಗುದ್ದುತ್ತಾರೆಂದು ಗೊತ್ತಿರಲಿಲ್ಲ.

ಬರುವುದಿಲ್ಲ ಎಂದೇ ಇದ್ದೆ. ಶನಿವಾರ ಸೇಡಮ್ಮಿನವರೆಗೆ ಬಂದು, ಇಳಿದು, ಊರಿಗೆ ಹಿಂದಿರುಗುವ ಬಸ್ಸು ಹತ್ತಿ ಕೂತೆ. ಕಂಡಕ್ಟರು "ಎಲ್ಲಿಗ್ರಿ?" ಅಂದ. ಬಾಯಿಗೆ ವಾಡಿ ಎಂದು ಬಂತು. "ವಾಡಿಗಿ ಆ ಬಸ್ ಅದರಿ, ಇಳೀರಿ ಲಗೂ" ಎಂದು ಬೈದು ಇಳಿಸಿದ. ಅವನಿಗೆ ನನ್ನ ನಮಸ್ಕಾರ.

ನಿಮ್ಮ ಮನೆಯಲ್ಲಿ ತೊಟ್ಟಿಲ ಹತ್ತಿರ ಬಂದಾಗ, ಹಿಂದಿನಿಂದ ಯಾರೋ "ಆಕೀನ ಯಾಕ ಕರದೀರಿ..." ಎಂದು ಶುರು ಮಾಡಿದರು. ನೀನು ಕೇಳಿಸಿಕೊಂಡೆಯೋ ಇಲ್ಲವೋ. ನನ್ನ ಕಾಲು ಅಲ್ಲೇ ನಿಂತವು. ಆಗ ಪೀರಮ್ಮ ಅತ್ತಿ ಸೆರಗು ಸಿಕ್ಕಿಸಿಕೊಂಡು ನನ್ನ ಹಿಂದೆ ಬಂದು ನಿಂತಳು. "ಆಕಿ ನನ್ನ ಮೊಮ್ಮಗಳ ಅತ್ತಿ ಇದ್ದಾಳ. ಎಲ್ಲಾರೂ ಸರೀರಿ ಆಕಡಿ, ಮೊದಲ ಗುದ್ದು ನಂದು!" ಅಂದಳು. ಅಂದವಳೇ ಕೊಟ್ಟಳು. ಬೆನ್ನಿನೊಳಗೆ ಒಂದೂವರೆ ವರ್ಷದಿಂದ ಹಿಡಿದುಕೊಂಡಿದ್ದ ಏನೋ ಸಡಿಲಾಯಿತು. ನಾನು ಅತ್ತದ್ದು ನೋವಿಗೆ ಎಂದು ಎಲ್ಲರೂ ನಕ್ಕರು. ನಗಲಿ.

ಮೆತ್ತಾ ಎಂಬ ಹೆಸರು ಎಲ್ಲಿಂದ ತಂದೆ ಎಂದು ನೀನು ಕೇಳಲಿಲ್ಲ. ಕಾಲೇಜಿನಲ್ಲಿದ್ದಾಗ ನಾನು ಸನ್ನತಿಗೆ ಬಂದಿದ್ದೆನಲ್ಲ, ಬೆಳಗಿನ ಬುದ್ಧವಂದನೆಯ ಹೊತ್ತಿಗೆ ನಿನ್ನ ಅಪ್ಪ ಆ ಪಾಲಿ ಶಬ್ದದ ಅರ್ಥ ಹೇಳಿದ್ದರು, ಎಲ್ಲ ಜೀವಗಳ ಮೇಲೂ ತಾಯಿಗೆ ತನ್ನ ಕೂಸಿನ ಮೇಲಿರುವಂಥ ಪ್ರೀತಿ ಎಂದು. ನಿನ್ನ ಮೊದಲ ಪತ್ರ ಓದಿದ ದಿನ ಅದು ನೆನಪಾಯಿತು. ನೆತ್ತಿಯನ್ನು ನೀನು ಮೆತ್ತನೆಯ ಜಾಗ ಎಂದು ಬರೆದಿದ್ದೆ. ಅವತ್ತೇ ಹೆಸರು ನನ್ನ ಹತ್ತಿರ ಇತ್ತು. ಬರೆಯಬೇಡ ಎಂದು ನಿನಗೆ ಪತ್ರ ಬರೆಯುವಾಗಲೂ ಇತ್ತು. ಪೀರಮ್ಮ ಅತ್ತಿ, "ಮೆತ್ತಾ? ಬಜಿ ಮೆತ್ತಗಾದಂಗೇನು?" ಅಂದದ್ದಕ್ಕೆ ನೀನು ಬೇಸರ ಮಾಡಿಕೊಳ್ಳಬೇಡ, ರಾತ್ರಿ ಊಟಕ್ಕೆ ಕೂತಾಗ ಅವಳೇ "ನಮ್ಮ ಮೆತ್ತಾ" ಅಂದದ್ದು ನಾನು ಕೇಳಿದ್ದೇನೆ.

ಎಲ್ಲರೂ ಊಟಕ್ಕೆ ಹೋದಾಗ ನೀನು ಗೋಡೆಗೆ ಒರಗಿ ಮಲಗಿಬಿಟ್ಟಿದ್ದೆ. ಬಾಯಿ ತೆರೆದು, ಕೂಸಿಗಿಂತ ಜೋರಾಗಿ ಉಸಿರಾಡುತ್ತ. ಯಾರೂ ಎಬ್ಬಿಸಬಾರದೆಂದು ಜೈಭೀಮ ಬಾಗಿಲಲ್ಲಿ ಕಾವಲು ನಿಂತಿದ್ದ. ನಾನು ಮೆತ್ತಾಳ ಪಕ್ಕ ಕೂತೆ. ನೆತ್ತಿಯ ಮೇಲೆ ಅಂಗೈ ಇಟ್ಟೆ. ಅದು ನನ್ನ ಕೈಯನ್ನು ಮೆಲ್ಲಗೆ ಎತ್ತಿ ಎತ್ತಿ ಇಳಿಸಿತು ಲುಂಬಿ, ಏನೂ ಆಗಲಿಲ್ಲ, ಮಿಡಿಯುತ್ತಲೇ ಇತ್ತು. ಒಬ್ಬರ ಕೈ ಇನ್ನೊಬ್ಬರನ್ನು ತಾಕಿದರೆ ಏನೂ ಆಗುವುದಿಲ್ಲ ಎಂಬುದೇ ಎಷ್ಟು ದೊಡ್ಡ ಸಂಗತಿ.

ಆಮೇಲೆ ಚೀಲದಿಂದ ಟ್ಯಾಬ್ ತೆಗೆದೆ. ಅದರಲ್ಲಿ ಹೊಸ ಗುಂಡಿಗಳು ಬಂದು ಎರಡು ವಾರವಾಗಿತ್ತು. ಕಾಗದದ ಮೇಲೆ ಕಾಯುತ್ತಿದ್ದ ಕೂಸುಗಳನ್ನೆಲ್ಲ ನನ್ನ ಜೊತೆಯವಳ ಕೈಯಿಂದ ಹಾಕಿಸಿದ್ದೆ. ನನ್ನ ಬೆರಳು ಅಲ್ಲಿಗೆ ಹೋಗಿರಲಿಲ್ಲ. ವಾಡಿ ನನ್ನ ಪಾಲಿನ ಊರಲ್ಲ, ಆದರೂ ಒಂದು ಹೊಸ ಹಾಳೆ ತೆರೆದೆ. ಊರು, ವಾಡಿ. ತಾಯಿ, ಲುಂಬಿನಿ. ಕೂಸಿನ ಹೆಸರು, ಮೆತ್ತಾ. ಹೆಸರಿನ ಚೌಕಟ್ಟು ಅವಳಿಗೆ ಸರಿಯಾಗಿ ಹಿಗ್ಗಿ ನಿಂತಿತು.

ಕೆಳಗೆ ಎರಡು ಗುಂಡಿ. ದೊಡ್ಡ ಣ, ಅದಕ್ಕೆ ಆತುಕೊಂಡ ಸಣ್ಣ ಣ.

ಒತ್ತಿದೆ.

ನಿನ್ನ ನಂಬರು ತೆರೆದಿದ್ದೇನೆ. ಆದರೂ ಪತ್ರ ಬರೆ.

ಮೆತ್ತಾಳ ಅತ್ತಿ,
ಸುಶ್ಮಿ